ಪಟ್ಟಿ ಬಂದ ಭಾನುವಾರ

ನಮ್ಮ ಲೈಬ್ರರಿಯಲ್ಲಿ ವರ್ಷಕ್ಕೊಂದು ಭಾನುವಾರ ಪುಸ್ತಕ ಕೊಡುತ್ತಿರಲಿಲ್ಲ. ಬಂದವರನ್ನು ಮೇಡಮ್ಮು ಬಾಗಿಲಲ್ಲೇ ತಡೆದು, "ಇವತ್ತು ಪಟ್ಟಿ ರೀ, ನಾಳೆ ಬನ್ನಿ" ಅನ್ನುತ್ತಿದ್ದರು. ಮತದಾರರ ಪಟ್ಟಿಯೆಂದುಕೊಂಡು, ತಮ್ಮ ಹೆಸರು ಬಿಟ್ಟುಹೋಗಿದೆಯೇ ನೋಡಿ ಎಂದು ಗೋಗರೆದವರೂ ಉಂಟು.

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಒಂದೇ ಕೋಣೆಯ ಬಾಡಿಗೆ ಪುಸ್ತಕಗಳ ಲೈಬ್ರರಿ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೇಡಮ್ಮು ಅದರ ಒಡತಿ. ಕನ್ನಡದ ಒಂದು ವಾರಪತ್ರಿಕೆ ಪ್ರತಿವರ್ಷ ಕಥಾಸ್ಪರ್ಧೆ ನಡೆಸಿ, ದೀಪಾವಳಿ ವಿಶೇಷಾಂಕದಲ್ಲಿ ಫಲಿತಾಂಶ ಕೊಡುತ್ತಿತ್ತು. ಅದಕ್ಕೆ ಮೂರು ವಾರ ಮೊದಲು, ಕೊನೆಯ ಸುತ್ತಿಗೆ ಬಂದ ಹನ್ನೆರಡು ಕಥೆಗಳ ಶೀರ್ಷಿಕೆಗಳನ್ನಷ್ಟೇ ಅಚ್ಚು ಹಾಕುತ್ತಿತ್ತು. ಬರೆದವರ ಹೆಸರಿಲ್ಲ, ಊರಿಲ್ಲ, ಕಥೆಯ ಒಂದು ಸಾಲೂ ಇಲ್ಲ. ನಮಗೆ ಅಷ್ಟು ಸಾಕಿತ್ತು. ಓದದ ಕಥೆಯ ಬಗ್ಗೆ ಓದಿದವರಿಗಿಂತ ಚೆನ್ನಾಗಿ ಜಗಳವಾಡಬಹುದು ಎಂದು ನಾನು ಕಲಿತದ್ದು ಅಲ್ಲಿ.

ಮೊದಲೆಲ್ಲ ಆ ಭಾನುವಾರ ಬರೀ ಗದ್ದಲ. ಅದಕ್ಕೆ ಕಟ್ಟುಪಾಡು ತಂದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಷೀಲ್ಡು ಗೆದ್ದು ತಲೆ ತಿರುಗಿದ್ದ ಕಾಲ. ಪ್ರತಿ ಶೀರ್ಷಿಕೆಗೂ ಚೀಟಿ ಎತ್ತಬೇಕು, ಒಬ್ಬರು ಪರ, ಒಬ್ಬರು ವಿರೋಧ. ಬಂದ ಚೀಟಿ ಬದಲಿಸುವಂತಿಲ್ಲ. ಮಾತಾಡಿದವರು ಆ ಕಥೆಗೆ ಕೈ ಎತ್ತುವಂತಿಲ್ಲ. ಹೆಚ್ಚು ಕೈ ಬಿದ್ದ ಮೂರು ಶೀರ್ಷಿಕೆ ಗೋಡೆಯ ಹಲಗೆ ಮೇಲೆ. ಲೈಬ್ರರಿಗೆ ಬರುತ್ತಿದ್ದ ವಿಶೇಷಾಂಕ ಒಂದೇ ಪ್ರತಿ. ಯಾರ ಅಂದಾಜು ಸರಿಯಾಯಿತೋ ಅವರಿಗೆ ಮೊದಲ ಓದು, ಮಿಕ್ಕವರು ಸರದಿಯಲ್ಲಿ. ಆ ಮೊದಲ ಓದಿಗಾಗಿ ದೊಡ್ಡನೆಕ್ಕುಂದಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ.

ನನ್ನ ಖಾಯಂ ವಾದ ಒಂದಿತ್ತು. ಈ ಸ್ಪರ್ಧೆಯಲ್ಲಿ ನಮ್ಮ ಕಡೆಯವರು, ಅಂದರೆ ಊರಿನ ಪೂರ್ವಕ್ಕಿರುವ ದಂಡುಪ್ರದೇಶದವರು ಮತ್ತು ಅದರಾಚೆಯವರು, ಎಂದೂ ಗೆಲ್ಲುವುದಿಲ್ಲ. ಜೀವನ್ ಬಿಮಾ ನಗರದಿಂದ ಬರುತ್ತಿದ್ದ ನಿವೃತ್ತ ಫಿಟ್ಟರ್ ಒಬ್ಬರು ಹಿಂದಿನ ವಿಜೇತರ ಊರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಾವೆಲ್ಲ ಅವರನ್ನು ಅಂಕಲ್ ಅನ್ನುತ್ತಿದ್ದೆವು. ಆ ಪುಸ್ತಕದಲ್ಲಿ ಹಲಸೂರೂ ಇರಲಿಲ್ಲ, ಶಿವಾಜಿನಗರವೂ ಇರಲಿಲ್ಲ, ಕೆ.ಆರ್. ಪುರವಂತೂ ಕೇಳಲೇಬೇಡಿ. "ನಮ್ಮ ಕನ್ನಡ ಅವರಿಗೆ ಕನ್ನಡವೇ ಅಲ್ಲ" ಎಂದು ನಾನು ಮೇಜು ಕುಟ್ಟುತ್ತಿದ್ದೆ. ತಮಾಷೆಯೆಂದರೆ, ಕುಟ್ಟುತ್ತಿದ್ದುದು ಕಾಲೇಜಿನಲ್ಲಿ ಉಜ್ಜಿ ತೊಳೆದುಕೊಂಡ ಕನ್ನಡದಲ್ಲಿ. ನಮ್ಮೂರಿನ ರಾಗಿಹೊಲದ ಮಾತು ನನ್ನ ಬಾಯಲ್ಲಿ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಆ ವರ್ಷ ಜುಲೈನಲ್ಲಿ, ಮರ್ಫಿ ಟೌನಿನ ಅಕ್ಕ ನನ್ನನ್ನು ಕಪಾಟಿನ ಹಿಂದಕ್ಕೆ ಕರೆದರು. ಆಕೆ ಷರ್ಟು, ಕೋಟುಗಳಿಗೆ ಕಾಜಾ ಹಾಕುವವರು. ಗುಂಡಿ ತೂರುವ ಸೀಳಿನ ಅಂಚನ್ನು ಕೈಸೂಜಿಯಲ್ಲಿ ಕಟ್ಟುವ ಕೆಲಸ. ಮನೆಮಾತು ತಮಿಳು. ಕನ್ನಡ ಓದಲು ಕಲಿತದ್ದು ಇದೇ ಲೈಬ್ರರಿಯ ಹಳೆಯ ವಾರಪತ್ರಿಕೆಗಳಿಂದ. ಚರ್ಚೆಗಳಲ್ಲಿ ಎಂದೂ ಬಾಯಿ ಬಿಟ್ಟವರಲ್ಲ, ಮೂಲೆಯಲ್ಲಿ ಕೂತು ಕಾಜಾ ಹಾಕುತ್ತ ಕೇಳುತ್ತಿದ್ದರು. ಅಂದು ರೂಲು ಹಾಳೆಗಳ ಕಟ್ಟೊಂದನ್ನು ನನ್ನ ಕೈಗಿಟ್ಟು, "ಒಂದ್ ಕಥೆ ಮಾ. ತಪ್ಪಿದ್ರೆ ತಿದ್ಕೊಡು. ಯಾರಿಗೂ ಹೇಳ್ಬೇಡ" ಅಂದರು.

ಕಥೆಯ ಹೆಸರು 'ಕಾಜಾ'. ನಾನು ಪೆನ್ಸಿಲ್ ಹಿಡಿದು ಧಾರಾಳವಾಗಿ ತಿದ್ದಿದೆ. ಮುಂದಿನ ಭಾನುವಾರ ಅಕ್ಕ ನನ್ನ ಎದುರೇ ಕೂತು, ಒಂದೊಂದೇ ತಿದ್ದುಪಡಿ ಓದುತ್ತ, ಒಂದೊಂದನ್ನೂ ರಬ್ಬರಿನಲ್ಲಿ ಉಜ್ಜಿದರು.

"ಯಾಕಕ್ಕ? ತಪ್ಪಿತ್ತಲ್ಲ?"

"ತಪ್ಪಿರೋದು ಸರಿ ಮಾಡು ಅಂದೆ. ನೀನು ಮಾತೇ ಬದಲಾಯಿಸ್ಬಿಟ್ಟಿದೀಯ. ನಮ್ ಬೀದಿ ಹೆಂಗಸು ಜಗಳ ಆಡ್ತಾಳೆ, ನಿನ್ ಕಾಲೇಜು ಬಂದು ಮಧ್ಯ ಕೂತ್ಕೊಂಡೈತೆ."

"ಹೀಗೇ ಕಳಿಸಿದ್ರೆ ಮೊದಲನೇ ಸುತ್ತಲ್ಲೇ ಎಸೀತಾರೆ."

"ಎಸೀಲಿ. ನನ್ ಕನ್ನಡ ನಿಲ್ಲುತ್ತಾ ಇಲ್ವಾ, ಅದೊಂದು ಗೊತ್ತಾಗ್ಬೇಕು ನಂಗೆ. ತಿದ್ದಿ ಕಳಿಸಿದ್ರೆ ನಿಂದು ನಿಲ್ಲುತ್ತೆ, ನಂದಲ್ಲ."

ಅಕ್ಕ ಕಥೆಯನ್ನು ಹಾಗೇ ಅಂಚೆಗೆ ಹಾಕಿದರು. ಷೀಲ್ಡು ಗೆದ್ದವಳಲ್ಲಿ, ಹಾಗಾದರೆ ನೋಡೇಬಿಡೋಣ ಎಂಬ ಸಣ್ಣ ಹಟವೊಂದು ಹುಟ್ಟಿತು.

ಅಕ್ಟೋಬರಿನಲ್ಲಿ ಪಟ್ಟಿ ಬಂತು. ಅಂಕಲ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಬಾವಿಕಟ್ಟೆಯ ಆಚೆ ಮಗ್ಗುಲು. ನಿವೃತ್ತ ಮೇಷ್ಟ್ರ ಸೈಕಲ್ಲು. ತೂಗುಸೇತುವೆಯ ಮೇಲೆ ಎರಡು ನಿಮಿಷ. ಒಂಬತ್ತನೆಯದು, ಕಾಜಾ. ನಾನು ತಿರುಗಿ ನೋಡಿದೆ. ಅಕ್ಕನ ಸೂಜಿ ಬಟ್ಟೆಯೊಳಕ್ಕೆ ಹೋದದ್ದು ಆಚೆ ಬಂದಿರಲಿಲ್ಲ.

ಇಲ್ಲಿಗೆ ನನ್ನ ಖಾಯಂ ವಾದದ ಅರ್ಧ ಗೋಡೆ ಕುಸಿಯಿತು. ಪೂರ್ತಿ ಅಲ್ಲ, ಪಟ್ಟಿಗೆ ಬರುವುದು ಬೇರೆ, ಗೆಲ್ಲುವುದು ಬೇರೆ ಎಂದು ಮನಸ್ಸಿನಲ್ಲೇ ಉಳಿದರ್ಧಕ್ಕೆ ಆಸರೆ ಕೊಡುತ್ತಿದ್ದೆ. ಅಷ್ಟರಲ್ಲಿ ಚೀಟಿ ಡಬ್ಬಿ ನನ್ನ ಮುಂದೆ ಬಂತು. ಬಿಚ್ಚಿದೆ. "ಕಾಜಾ. ವಿರೋಧ."

ಬದಲಿಸುವಂತಿಲ್ಲ ಎಂಬ ನಿಯಮ ಮಾಡಿದವಳು ನಾನೇ. ಹಿಂದಿನ ವರ್ಷ ಇದೇ ಡಬ್ಬಿಗೆ ಚೀಟಿ ವಾಪಸ್ ಹಾಕಲು ನೋಡಿದ ಬಸ್ ಕಂಡಕ್ಟರನ್ನು ನಾನು ಕಾಲು ಗಂಟೆ ತರಾಟೆಗೆ ತೆಗೆದುಕೊಂಡಿದ್ದೆ. ಈ ವರ್ಷ ಅದೇ ಕಂಡಕ್ಟರಿಗೆ 'ಕಾಜಾ' ಪರ ಬಂದಿತ್ತು. ಅವನು ಮೊದಲು ಎದ್ದ.

"ನೋಡಿ ಸ್ವಾಮಿ, ನನ್ ಯೂನಿಫಾರ್ಮ್ ಕಡೆ ನೋಡಿ. ಮೇಲಿನ ಗುಂಡಿ ಮುಚ್ಚೋದೇ ಇಲ್ಲ, ಕಾಜಾ ಹರಿದು ಬಾಗ್ಲು ಆಗೋಗೈತೆ. ನಂಗೂ ಕಾಜಾಗೂ ಆಗಿಬರಲ್ಲ ಗುರು. ಆದ್ರೂ ಚೀಟಿ ಬಂದೈತೆ, ಒಳ್ಳೇ ಕಥೆ ಇರ್ಬೇಕು ಅಂತ ಹೇಳ್ತಾ ನನ್ ಭಾಷಣ ಮುಗಿಸ್ತೀನಿ."

"ರೈಟ್ ರೈಟ್!" ಎಂದು ಯಾರೋ ಕೂಗಿದರು.

ಆಮೇಲೆ ನಾನು. ಮೆಲ್ಲಗೆ ಮಾತಾಡಿ ಮುಗಿಸಬಹುದಿತ್ತು. ಆದರೆ ಒಮ್ಮೆ ನಿಂತರೆ ಗೆಲ್ಲದೆ ಕೂರುವುದು ನನಗೆ ಗೊತ್ತಿರಲಿಲ್ಲ. ಮೂರು ಏಟು ಹೊಡೆದೆ. ಈ ಶೀರ್ಷಿಕೆ ತೀರ್ಪುಗಾರರ ಕರುಣೆಗೆ ಕೈಚಾಚುತ್ತಿದೆ. ಬರೆದವರು ಯಾರೋ ಸುಶಿಕ್ಷಿತರು; ದರ್ಜಿ ಅಂಗಡಿಯ ಕಿಟಕಿಯಿಂದ ಇಣುಕಿ ಬರೆದಿದ್ದಾರೆ. ಮೂರನೆಯದಕ್ಕೆ ಚಪ್ಪಾಳೆಯೇ ಬಿತ್ತು: "ಕಾಜಾ ಎಂಬಂಥ ದಂಡುಪ್ರದೇಶದ ಬೆರಕೆ ಮಾತು ಕಥೆಗೆ ಒಗ್ಗರಣೆಯಾದೀತು, ಅನ್ನವಾಗಲಾರದು."

ಚಪ್ಪಾಳೆ ನಿಲ್ಲುವ ಮೊದಲೇ ಮೂಲೆಯಿಂದ ದನಿ ಬಂತು. "ಕಂಡಕ್ಟ್ರು ಬದ್ಲು ನಾನು ಮಾತಾಡ್ಲಾ?"

ಆರು ವರ್ಷದಲ್ಲಿ ಅಕ್ಕ ಎದ್ದು ನಿಂತದ್ದು ಅದೇ ಮೊದಲು. ಮೇಡಮ್ಮು ನನ್ನ ಕಡೆ ನೋಡಿದರು. ನಿಯಮ ಏನೆನ್ನುತ್ತದೆ? ಚೀಟಿ ಬದಲಿಸಬಾರದು ಎನ್ನುತ್ತದೆ. ಸಹಾಯ ಪಡೆಯಬಾರದು ಎಂದು ಎಲ್ಲೂ ಹೇಳಿಲ್ಲ. ನಾನು ತಲೆಯಾಡಿಸಿದೆ.

"ಲಾಯರಮ್ಮ ಕರುಣೆ ಅಂದ್ರು," ಅಕ್ಕ ನನ್ನ ಕಡೆ ಗದ್ದ ತೋರಿಸಿ ಶುರು ಮಾಡಿದರು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಲೇ ಇಲ್ಲ. "ಕಾಜಾ ಹಾಕೋರು ಪಾಪ ಅಂತ ಯಾರು ಹೇಳಿದ್ದು? ನಾನ್ ಹಾಕಿದ್ ಕಾಜಾ ಮಿಲಿಟರಿ ಆಫೀಸರ್ ಕೋಟಲ್ಲಿದೆ. ಪಾಪ ಅನ್ನಿಸ್ಕೊಳ್ಳೋಕೆ ಕೂತಿಲ್ಲ ಮಾ ನಾವು. ಆಮೇಲೆ ಕಿಟಕಿ ಅಂದ್ರು. ಕಿಟಕಿಯಿಂದ ನೋಡೋನು ಸೂಜಿ ದಾರ ಅಂತ ಹೆಸರಿಡ್ತಾನೆ, ಹೊಲಿಗೆ ಮಿಷನ್ ಅಂತ ಇಡ್ತಾನೆ. ಕಾಜಾ ಅವನ ಕಣ್ಣಿಗೇ ಬೀಳಲ್ಲ. ಚೆನ್ನಾಗಿರೋ ಬಟ್ಟೆನ ನಾವೇ ಕತ್ತರಿಸಿ, ಕತ್ತರಿಸಿದ್ ಜಾಗದಲ್ಲಿ ದಾರ ಎದ್ದು ಬರ್ದಂಗೆ ಕಟ್ಟೋದು ಅದು. ಮಾಡಿದೋರಿಗೇ ಗೊತ್ತು."

ಅಕ್ಕ ಬಟ್ಟೆಯನ್ನು ಎಡಗೈಗೆ ಬದಲಿಸಿಕೊಂಡು ಮುಂದುವರಿಸಿದರು.

"ಇನ್ನು ಅನ್ನ ಅಂದ್ರಲ್ಲ. ನಮ್ ಮಾತು ಅನ್ನ ಅಲ್ಲ ಅಂದ್ರೆ ನಾವು ದಿನಾ ಏನ್ ತಿಂತಾ ಇದೀವಿ? ಮೇಸ್ತ್ರಿ ಒಂದ್ ಡಜನ್ ಕಟ್ಟಲ್ಲಿ ಹದಿಮೂರು ಷರ್ಟ್ ಇಟ್ಟು, ಹನ್ನೆರಡೇ ಇರೋದು ಅಂತ ಹನ್ನೆರಡಕ್ಕೇ ಕೂಲಿ ಕೊಡ್ತಾನೆ. ಕೊನೇಲಿ ಆಯಮ್ಮ ಹದಿಮೂರನೇದಕ್ಕೆ ಕಾಜಾನೇ ಹಾಕಲ್ಲ, ಹಂಗೇ ಅವನ ಮುಂದೆ ಇಟ್ಟು ಒಂದ್ ಮಾತಾಡ್ತಾಳೆ. ಆ ಮಾತನ್ನ ನಿಮ್ ಕಾಲೇಜ್ ಕನ್ನಡದಲ್ಲಿ ಹೇಳಿ ನೋಡಿ, ಮೇಸ್ತ್ರಿ ನಗ್ತಾನೆ!"

ಅಂಕಲ್ ನೋಟ್‌ಬುಕ್ಕಿನಿಂದ ನಿಧಾನವಾಗಿ ತಲೆಯೆತ್ತಿದರು. "ಕೊನೇಲಿ? ಕಥೆ ಇನ್ನೂ ಅಚ್ಚೇ ಆಗಿಲ್ವಲ್ಲಮ್ಮ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. ಅಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು.

ಮೊದಲು ಬಂದದ್ದು ಸಂತೋಷವಲ್ಲ, ಗಾಬರಿ. ಸ್ಪರ್ಧೆಯ ನಿಯಮ ನಮಗೆಲ್ಲ ಬಾಯಿಪಾಠ: ಫಲಿತಾಂಶಕ್ಕೆ ಮೊದಲು ತನ್ನ ಕಥೆ ಯಾವುದೆಂದು ಬಹಿರಂಗಪಡಿಸಿದವರನ್ನು ಸ್ಪರ್ಧೆಯಿಂದ ಕೈಬಿಡಲಾಗುವುದು. ಮೇಡಮ್ಮು ಎದ್ದು ಷಟರನ್ನು ಅರ್ಧ ಎಳೆದರು. ಬರೆದದ್ದನ್ನೆಲ್ಲ ಅಕ್ಕ ತಮ್ಮ ಬಾಯಿಂದಲೇ ಕಳೆದುಕೊಂಡರೇ? ಕಳೆದುಕೊಳ್ಳುವಂತೆ ಕೆಣಕಿದವಳು ನಾನು.

"ನಾನಂತೂ ಏನೂ ಕೇಳಿಸ್ಕೊಂಡಿಲ್ಲ," ಅಂಕಲ್ ಅಂದರು. "ಮೂವತ್ತು ವರ್ಷ ಫ್ಯಾಕ್ಟರಿ ಸದ್ದಲ್ಲಿ ಎಡಗಿವಿ ಹೋಗಿದೆ."

"ಬಲಗಿವಿ?" ಕಂಡಕ್ಟರ್ ಕೇಳಿದ.

"ಅದು ನಮ್ಮನೆಯೋರಿಗೆ ಮೀಸಲು. ನೀನ್ ನಿನ್ ಬಾಯಿ ನೋಡ್ಕೊಳಪ್ಪ."

"ನಂದಾ? ಬಸ್ಸಲ್ಲಿ ದಿನಕ್ ಸಾವಿರ ಜನ ಹತ್ತಿದ್ರೂ ಒಬ್ರಿಗೂ ಹೇಳಲ್ಲ, ಅಂಕಲ್. ಟಿಕೆಟ್ ಕೊಡೋವಾಗ್ಲೂ ಬಾಯಿ ಬಿಡಲ್ಲ."

ಆದರೆ ಕೈ ಎತ್ತುವುದು ಬಾಕಿಯಿತ್ತು. ಮಾತಾಡಿದ ನಾವು ಮೂವರನ್ನು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು, ಅಂಕಲ್‌ರದ್ದೊಂದು ಹೊರತು. "ಬೇಜಾರಾಗ್ಬೇಡಮ್ಮ," ಎಂದು ಅಕ್ಕನಿಗೆ ನೇರವಾಗಿಯೇ ಹೇಳಿದರು. "ನನ್ ಪುಸ್ತಕ ಈ ಕಡೆಯೋರು ಗೆಲ್ಲಲ್ಲ ಅಂತಿದೆ. ಪ್ರೀತಿಗೆ ಕೈ ಎತ್ತಿದ್ರೆ ಅದು ಅಂದಾಜಲ್ಲ." ಅಕ್ಕ, "ಸರಿಯಾಗ್ ಹೇಳಿದ್ರಿ ಅಂಕಲ್" ಅಂದರು, ಮುಖ ಸಪ್ಪೆಯಾಗಲಿಲ್ಲ. ನಮ್ಮ ಲೈಬ್ರರಿಯ ಬಗ್ಗೆ ನನಗೆ ಎಷ್ಟೋ ಹೆಮ್ಮೆಗಳಿವೆ. ಆ ಎತ್ತದ ಕೈಯೂ ಅದರಲ್ಲೊಂದು. ನಾನು ನಿಯಮದ ಪ್ರಕಾರ ಸುಮ್ಮನೆ ಕೂತಿದ್ದೆ. ಸೋತಿದ್ದೆ, ಚೆನ್ನಾಗಿಯೇ ಸೋತಿದ್ದೆ.

ಮುಂದಿನ ಮೂರು ವಾರ, ಹಲಸೂರಿನ ಅತಿ ವಾಚಾಳಿ ಕೋಣೆ ಗುಟ್ಟು ಕಾಯಿತು. ಪಕ್ಕದ ಗಲ್ಲಿಯವರು ಈ ಸಲ ಯಾವ ಕಥೆ ಎಂದು ಕೇಳಿದರೆ ಕಂಡಕ್ಟರ್, "ನಂಗೆ ಕಥೆ ಅಂದ್ರೇನೇ ಗೊತ್ತಿಲ್ಲ" ಎನ್ನುವಷ್ಟು ದೂರ ಹೋದ. ಹಲಗೆಯ ಮೇಲೆ ಮಾತ್ರ ಮೇಡಮ್ಮರ ದುಂಡಕ್ಷರದಲ್ಲಿ 'ಕಾಜಾ' ಎಂದಿತ್ತು. ಅದರ ಕೆಳಗೆ ಕೂತು ಅಕ್ಕ ಕಾಜಾ ಹಾಕುತ್ತಿದ್ದರು. ನನ್ನನ್ನು ಕಂಡರೆ ಬೇಕೆಂದೇ, "ಏನ್ ಲಾಯರಮ್ಮ, ಊಟ ಆಯ್ತಾ? ಅನ್ನಾನಾ, ಬರೀ ಒಗ್ಗರಣೇನಾ?" ಎಂದು ಕೇಳುವುದು. ಆ ಮಾತಿಗೆ ಕ್ಷಮೆ ಕೇಳಲು ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಆಕೆ ಬಿಡಲಿಲ್ಲ: "ಚೀಟಿ ಬಂತು, ಮಾತಾಡ್ದೆ. ಅದಕ್ಯಾಕೆ?"

ವಿಶೇಷಾಂಕವನ್ನು ಕಂಡಕ್ಟರ್ ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ತಂದ, ಅಂಗಡಿಯವನು ಕಟ್ಟು ಬಿಚ್ಚುತ್ತಿದ್ದ ಹಾಗೇ. ತರುವ ದಾರಿಯಲ್ಲಿ ತೆರೆದು ನೋಡಿರಲಿಲ್ಲ ಎಂದು ಆಣೆ ಮಾಡಿದ. ಮುಖ ನೋಡಿದರೆ ಸುಳ್ಳೆಂದು ತಿಳಿಯುತ್ತಿತ್ತು. ಮೊದಲ ಓದು ಯಾರಿಗೆಂದು ಆ ಸಲ ಯಾರೂ ಕೇಳಲಿಲ್ಲ. ಅಕ್ಕನ ಮಡಿಲಿಗೆ ಇಟ್ಟರು.

ಆಕೆ ಫಲಿತಾಂಶದ ಪುಟ ತೆರೆಯಲಿಲ್ಲ. ಪರಿವಿಡಿಯಲ್ಲಿ 'ಕಾಜಾ' ಹುಡುಕಿ, ಆ ಪುಟಕ್ಕೆ ಹೋಗಿ, ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಬೆರಳು ಸಾಲಿನಿಂದ ಸಾಲಿಗೆ ಹೋಯಿತು. ಹೆಂಗಸರು ನಲ್ಲಿಯ ಹತ್ತಿರ ಮಾತಾಡುವ ಕಡೆ ನಿಧಾನವಾಯಿತು, ಮೇಸ್ತ್ರಿ ಬರುವಲ್ಲಿ ಇನ್ನೂ ನಿಧಾನ. ನಾನು ಜುಲೈನಲ್ಲಿ ತಿದ್ದಿದ್ದ ಜಾಗಗಳೆಲ್ಲ ಅವು. ನಾವು ಏಳೆಂಟು ಜನ ಆ ಬೆರಳನ್ನೇ ನೋಡುತ್ತ ನಿಂತಿದ್ದೆವು. ಕಂಡಕ್ಟರ್ ತಡೆಯಲಾರದೆ, "ಅಕ್ಕಾ, ಹಿಂದಿನ್ ಪುಟ ನೋಡಿ ಅಕ್ಕಾ" ಅಂದ. ಮೇಡಮ್ಮು ಅವನ ಭುಜ ಹಿಡಿದು ಸುಮ್ಮನಿರಿಸಿದರು.

ಕೊನೆಯ ಸಾಲು ದಾಟಿದ ಮೇಲೆ ಅಕ್ಕ ತಲೆಯೆತ್ತಿದರು. ನೋಡಿದ್ದು ನನ್ನ ಕಡೆ.

"ಒಂದಕ್ಷರ ಮುಟ್ಟಿಲ್ಲ ಮಾ."

ಆಮೇಲೆ ಕಂಡಕ್ಟರಿಗೆ, "ಈಗ ಹೇಳಪ್ಪ, ಎಷ್ಟನೇದು?"

"ಮೂರನೇದು ಅಕ್ಕಾ! ಮೂರನೇ ಬಹುಮಾನ! ಹೆಸರ ಪಕ್ಕ ಮರ್ಫಿ ಟೌನ್ ಅಂತ ಹಾಕವ್ರೆ!"

ಅಂಕಲ್ ಆಗಲೇ ನೋಟ್‌ಬುಕ್ ತೆರೆದು ಊರಿನ ಹೆಸರು ಬರೆಯುತ್ತಿದ್ದರು. ಮೇಡಮ್ಮು ಕಣ್ಣೊರೆಸಿಕೊಂಡರು. ನನ್ನ ವಾದದ ಉಳಿದರ್ಧವೂ ನೆಲಕ್ಕೆ ಬಿದ್ದಿತ್ತು, ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದೆ.

ಅಕ್ಕ ಮಾತ್ರ ಚಪ್ಪಾಳೆ ಮುಗಿಯಲೆಂದು ಕಾದರು. ಪುಟ ತಿರುವುತ್ತ, "ಮೂರನೇದಾ? ಹಂಗಾದ್ರೆ ಮೊದಲ್ನೇದು ಯಾವ್ದು?" ಅಂದರು. ಬಾವಿಕಟ್ಟೆಯ ಕಥೆ ಎಂದು ಹೇಳಿದೆವು. ಅಲ್ಲೇ ಕೂತು ಅದನ್ನೂ ಪೂರ್ತಿ ಓದಿದರು, ಬೆರಳಿಡದೆ, ಬೇಗ ಬೇಗ. ಮುಗಿಸಿ ಪತ್ರಿಕೆಯನ್ನು ಮೇಜಿನ ಮೇಲಿಟ್ಟರು.

"ಚೆನ್ನಾಗೈತೆ. ಆದ್ರೆ ಮೊದಲ್ನೇದು ಅಂತ ನಾನ್ ಒಪ್ಪಲ್ಲ. ಇದರ ಪರ ಯಾರ್ ಮಾತಾಡ್ತೀರಾ?"

ಪರ ಮಾತಾಡಲು ನಾನು ಅಕ್ಕನ ಎದುರು ಕುರ್ಚಿ ಎಳೆದುಕೊಂಡೆ.