ಸರಪಳಿ ಬಿಚ್ಚಿದ ಬೆಳಗು

ನಮ್ಮವರು ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ನಾನು ಕೊಪ್ಪಳದಲ್ಲಿ ಶಾಲೆಯ ಶಿಕ್ಷಕಿ. ನನಗೂ ಅವರಿಗೂ ಒಟ್ಟಿಗೆ ರಜೆ ಕೂಡಿ ಬರುವುದು ತಿಂಗಳಿಗೊಮ್ಮೆ, ಅದೂ ಅದೃಷ್ಟವಿದ್ದರೆ. ಮಕ್ಕಳಿಲ್ಲದ ಮನೆ, ಎರಡು ನಾಯಿ. ಆ ಒಂದೊಂದು ರಜೆಗಾಗಿಯೇ ಅವರು ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಸೀಟುಗಳನ್ನು ಕಿತ್ತು, ಹಲಗೆ ಬಡಿದು, ಮೇಲೆ ಗಾದಿ ಹಾಸಿದ್ದರು. ಕಿಟಕಿಗಳಿಗೆ ನನ್ನ ಹಳೆಯ ಸೀರೆಯ ಪರದೆ. ಹಲಗೆಯ ಕೆಳಗೆ ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು, ನಾಯಿಗಳ ತಟ್ಟೆ. “ಇದ ನೋಡು ನಮ್ಮ ಬಂಗ್ಲೆ,” ಎಂದು ನಗುತ್ತಿದ್ದರು. ಅವರು ನಗುವುದು ಕಡಿಮೆ.

ನಾಯಿಗಳಲ್ಲಿ ಒಂದು ಮುಧೋಳ ತಳಿಯ ಗಂಡು. ಮೈಮೇಲೆ ಕೊಬ್ಬಿಲ್ಲ, ಚಳಿ ಬಂದರೆ ಕಾಲು ನಡುಗುತ್ತವೆ. ಇನ್ನೊಂದು ಕರಿ ಹೆಣ್ಣುನಾಯಿ. ಕಾರ್ಖಾನೆಯ ಗೇಟಿನ ಬಳಿ ಮರಿಯಾಗಿ ಸಿಕ್ಕಿದ್ದು. ತಂದ ದಿನ ಸ್ನಾನ ಮಾಡಿಸಿದಾಗ ಬಚ್ಚಲಲ್ಲಿ ಹರಿದದ್ದು ಕೆಮ್ಮಣ್ಣಿನ ಬಣ್ಣದ ನೀರು. ಮೂರು ಸಲ ತೊಳೆದ ಮೇಲೆ ಅದರ ಬಣ್ಣ ಕಪ್ಪು ಎಂದು ಗೊತ್ತಾಯಿತು. ಏಳು ವರ್ಷ ನಮ್ಮೊಂದಿಗಿತ್ತು. ನನ್ನ ಕಾಲು ಬಿಟ್ಟು ಇರುತ್ತಿರಲಿಲ್ಲ.

ಆ ಡಿಸೆಂಬರಿನ ಶನಿವಾರ ಹನುಮನಹಳ್ಳಿಯ ಕಡೆ ಹೋದೆವು. ಅಲ್ಲಿನ ಹನುಮನ ಬೆಟ್ಟದ ಸುತ್ತ ಹನುಮಮಾಲೆ ಹಾಕಿದ ಭಕ್ತರ ಗದ್ದಲ. ವ್ಯಾನು ನಿಲ್ಲಿಸಲು ಜಾಗವಿರಲಿಲ್ಲ. ಊರು ದಾಟಿ, ಗದ್ದೆಗಳ ನಡುವಿನ ಕಚ್ಚಾ ರಸ್ತೆಯಲ್ಲಿ ಮುಂದೆ ಹೋಗಿ, ಬಂಡೆಗಲ್ಲಿನ ಗುಡ್ಡದ ಬುಡದಲ್ಲಿ ಒಂದು ಬಾಳೆತೋಟದ ಅಂಚಿಗೆ ಬಂದು ನಿಂತೆವು. ತೋಟದವನು ತಲೆಗೆ ಟವೆಲ್ ಸುತ್ತಿಕೊಂಡು ಬಂದ. ನಲವತ್ತರ ಆಸುಪಾಸಿನ ಮನುಷ್ಯ.

“ಒಂದ್ ರಾತ್ರಿ ಇಲ್ಲೇ ನಿಂದರ್ತೀವಿ ಅಣ್ಣಾ, ಏನರ ತ್ರಾಸೈತೇನ?” ಎಂದು ನಾನು ಕೇಳಿದೆ.

“ನಿಂದರ್ರಿ ಅಕ್ಕಾರ, ನಂದೇನ ಹೋಗ್ತೈತಿ,” ಎಂದ. ನಾಯಿಗಳನ್ನು ನೋಡಿ, ಒಮ್ಮೆ ತೋಟದ ಕಡೆ ತಿರುಗಿದ. “ನಾಯಿ ಮಾತ್ರ ಕಟ್ಟಿ ಹಾಕ್ರಿ. ಬಿಡಬ್ಯಾಡ್ರಿ. ಗುಡ್ಡದಾಗ ಚಿರತಿ ಐತಿ.”

ಹಾಗೆಯೇ ಬಂಪರಿಗೆ ಕಟ್ಟಿದೆವು. ಬೆಳಕಿರುವಾಗಲೇ ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡು, ಎರಡೂ ನಾಯಿಗಳನ್ನು ವ್ಯಾನಿನೊಳಗೆ ಹತ್ತಿಸಿ ಬಾಗಿಲು ಹಾಕಿಕೊಂಡೆವು. ನಾಲ್ಕು ಜೀವ ಒಂದೇ ಗಾದಿಯ ಮೇಲೆ. ತಗಡಿನಿಂದ ಇಳಿಯುವ ಥಂಡಿಗೆ ಎರಡು ಕೌದಿ ಸಾಲಲಿಲ್ಲ.

ಬೆಳಗ್ಗೆ ನಾನು ಮೊದಲು ಎದ್ದೆ. ವಾರಪೂರ್ತಿ ರಾತ್ರಿ ಪಾಳಿ ಮಾಡಿದ್ದ ನಮ್ಮವರು ಸತ್ತವರಂತೆ ಮಲಗಿದ್ದರು. ನಾಯಿಗಳನ್ನು ಇಳಿಸಿ ವ್ಯಾನಿನ ಬಂಪರಿಗೆ ಕಟ್ಟಿ, ಚಹಾಕ್ಕೆ ನೀರಿಟ್ಟೆ. ಗದ್ದೆಯ ಮೇಲೆ ಮಂಜು ಕೂತಿತ್ತು. ಮುಧೋಳ ನಾನು ಹೊದಿಸಿದ ಕೌದಿಯೊಳಗೆ ಮುದುಡಿತು. ಕರಿ ನಾಯಿ ಮಾತ್ರ ಸರಪಳಿ ಜಗ್ಗುತ್ತ ಕುಂಯ್‌ಗುಡುತ್ತಿತ್ತು. ಅದಕ್ಕೆ ಕಟ್ಟಿ ಅಭ್ಯಾಸವಿಲ್ಲ. ಗುಡ್ಡದ ನೆತ್ತಿಗೆ ಬಿಸಿಲು ಬಿದ್ದದ್ದು ಕಾಣುತ್ತಿತ್ತು. ಬೆಳಕಾದ ಮೇಲೆ ಎಲ್ಲಿಯ ಚಿರತೆ ಎಂದುಕೊಂಡು ಕೊಕ್ಕೆ ಬಿಚ್ಚಿದೆ. ಅದು ಮೈ ಕೊಡವಿ, ನನ್ನ ಕೈ ನೆಕ್ಕಿ, ಬಾಳೆತೋಟದ ಕಡೆ ಓಡಿತು.

ಚಹಾಪುಡಿ ಹಾಕುತ್ತಿದ್ದೆ. ಪಟಾಕಿ ಹೊಡೆದಂಥ ಒಂದು ಸದ್ದು ಕೇಳಿಸಿತು. ಒಂದೇ.

ಕರಿ ನಾಯಿ ತಾನೇ ನಡೆದುಕೊಂಡು ಬಂತು. ಕೂಗಲಿಲ್ಲ. ನೇರ ನನ್ನ ಬಳಿಗೆ ಬಂದು, ದಿನವೂ ನಿಲ್ಲುವಂತೆ ನನ್ನ ಕಾಲಿಗೆ ಒರಗಿ ನಿಂತಿತು. ಅದರ ಮೂತಿಯ ಕೆಳಭಾಗ ಇರಲಿಲ್ಲ.

ನಾನು ಹೇಗೆ ಕೂಗಿದೆನೋ ಗೊತ್ತಿಲ್ಲ. ನಮ್ಮವರು ಬರಿಗಾಲಲ್ಲಿ ಇಳಿದರು, ನೋಡಿದರು, ಟವೆಲಿನಿಂದ ಅದರ ಮುಖ ಸುತ್ತಿ ಎತ್ತಿಕೊಂಡರು. ವ್ಯಾನು ಸ್ಟಾರ್ಟ್ ಆಗಲಿಲ್ಲ. ಥಂಡಿಗೆ ಇಂಜಿನ್ನು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ತೋಟದವನು ಓಡುತ್ತ ಬಂದ. ನಾಯಿಯನ್ನು ನೋಡಿ ಅಲ್ಲೇ ನೆಲಕ್ಕೆ ಕುಕ್ಕರಿಸಿದ. ಮರುಕ್ಷಣ ಎದ್ದು, ಬಾಳೆಗೊನೆ ಸಾಗಿಸುವ ತನ್ನ ಮೂರು ಗಾಲಿಯ ಟಂಟಂ ತಂದು ನಿಲ್ಲಿಸಿದ.

“ಹತ್ರಿ ಸರ್, ಹತ್ರಿ. ಗಂಗಾವತ್ಯಾಗ ನಮ್ಮ ಎಮ್ಮಿಗೆ ನೋಡೋ ಡಾಕ್ಟರ್ ಅದಾರ. ಭಾನುವಾರಾದ್ರೂ ಮನ್ಯಾಗ ಇರ್ತಾರ.”

ಗಂಗಾವತಿಯವರೆಗೂ ಹಿಂದಿನ ತೊಟ್ಟಿಯಲ್ಲಿ, ಒಣ ಬಾಳೆ ಎಲೆಗಳ ಮೇಲೆ ಕೂತು ಹೋದೆವು. ಕರಿ ನಾಯಿ ನಮ್ಮವರ ತೊಡೆಯ ಮೇಲಿತ್ತು. ಮುಧೋಳ ನನ್ನ ಕೌದಿಯೊಳಗೆ ನಡುಗುತ್ತ ನಿಂತಿತ್ತು. ಎದುರಿಗೆ ಬಂದ ಮಾಲೆಧಾರಿಗಳು ನಮಗೆ ಕೈಮುಗಿದು ಜಯಕಾರ ಹಾಕಿದರು. ಅವರಿಗೇನು ಗೊತ್ತು.

ಡಾಕ್ಟರು ಮನೆಯಂಗಳದಲ್ಲಿ ಟವೆಲ್ ಬಿಚ್ಚಿ ನೋಡಿ, ತಿರುಗಿ ಮುಚ್ಚಿದರು.

“ಇದು ಕಾಡಹಂದಿಗೆ ಇಡೋ ಮದ್ದು. ಹಿಟ್ಟಿನುಂಡ್ಯಾಗ ಇಟ್ಟಿರ್ತಾರ, ಕಚ್ಚಿದ್ ಕೂಡ್ಲೇ ಸಿಡೀತೈತಿ,” ಎಂದರು. “ಏನೂ ಮಾಡಾಕ ಬರೂದಿಲ್ರಿ. ಉಣ್ಣಾಕ, ನೀರು ಕುಡ್ಯಾಕ ಏನೂ ಉಳದಿಲ್ಲ. ಹೂಂ ಅನ್ರಿ, ಇಂಜೆಕ್ಷನ್ ಕೊಡ್ತೀನಿ. ತ್ರಾಸ ಮುಗೀತೈತಿ.”

ನಮ್ಮವರು ನನ್ನನ್ನು ನೋಡಲಿಲ್ಲ. “ಹೂಂ,” ಎಂದರು.

ಅದು ನನ್ನ ಕಡೆ ನೋಡುತ್ತಲೇ ಹೋಯಿತು. ಬಾಲ ಒಂದು ಸಲ ಅಲ್ಲಾಡಿತು.

ಗೋಡೆಗೆ ಒರಗಿ ನಿಂತಿದ್ದ ತೋಟದವನು ಆಗ ಬಾಯಿ ಬಿಟ್ಟ. “ನಾನ ಇಟ್ಟಿದ್ದೆ ಸರ್.”

“ಚಿರತಿ ಅಂದ್ಯಲ್ಲೋ?” ನಮ್ಮವರ ದನಿ ಒಡೆದಿತ್ತು.

“ಮದ್ದ ಇಟ್ಟೀನಿ ಅಂತ ಗುರ್ತಿಲ್ಲದವ್ರ ಮುಂದ ಹೆಂಗ ಹೇಳ್ಲಿ ಸರ್? ಗೊತ್ತಾದ್ರ ಒಳಗ ಹಾಕ್ತಾರ. ಚಿರತಿ ಅಂದ್ರ ಅಂಜಿ ಕಟ್ಟತೀರಿ ಅನ್ಕೊಂಡೆ. ಕಟ್ಟಿದ್ರಲ್ಲ... ಹೆಂಗ ಬಿಡ್ತು?”

ನಮ್ಮವರು ಅವನ ಅಂಗಿಯ ಕಾಲರು ಹಿಡಿದಿದ್ದರು. ಆ ಪ್ರಶ್ನೆ ಕೇಳಿ ಕೈ ಸಡಿಲವಾಯಿತು. ನನ್ನ ಕಡೆ ತಿರುಗಿದರು.

“ನಾನ ಬಿಚ್ಚಿದೆ,” ಎಂದೆ. “ಬೆಳಕು ಹರದಿತ್ತು. ಚಿರತಿ ಹೋಗಿರ್ತೈತಿ ಅನ್ಕೊಂಡೆ.”

ಅವರು ಏನಾದರೂ ಅನ್ನಲಿ ಎಂದು ಕಾದೆ. ಅವರು ನಾಯಿಯನ್ನು ಎತ್ತಿಕೊಂಡು ಟಂಟಂ ಹತ್ತಿದರು.

ತೋಟದವನೇ ಗುಡ್ಡದ ಬುಡದಲ್ಲಿ ಗುಂಡಿ ತೋಡಿದ. ಅಲ್ಲಿ ಅರ್ಧ ಮೊಳಕ್ಕೆ ಕಲ್ಲು ಸಿಗುತ್ತದೆ. ಹಾರೆ ಬಡಿದು ಬಡಿದು ಅವನ ಅಂಗೈ ಸುಲಿಯಿತು. ನಮ್ಮವರು ಹಾರೆ ಕೇಳಲಿಲ್ಲ, ಸಾಕು ಎನ್ನಲೂ ಇಲ್ಲ, ಒಂದು ಬಂಡೆಯ ಮೇಲೆ ಕೂತು ನೋಡುತ್ತಿದ್ದರು. ಮಣ್ಣು ಮುಚ್ಚಿದ ಮೇಲೆ ಎದ್ದರು.

“ಇನ್ನೆಷ್ಟ ಅದಾವ?”

“ನಾಕು.”

“ತಗಿ. ನನ್ನ ಮುಂದ ತಗಿ.”

ಅವನು ಒಂದೊಂದಾಗಿ ಆಯ್ದು ತಂದು ನೀರು ತುಂಬಿದ ಬಕೆಟಿಗೆ ಹಾಕಿದ. ಲಿಂಬೆಹಣ್ಣಿನಷ್ಟು ದಪ್ಪ. ದೂರದಿಂದ ಕಡುಬಿನಂತೆ ಕಾಣುತ್ತಿದ್ದವು. ಅವನ ಹೆಂಡತಿ ತೋಟದ ಗುಡಿಸಲಿನ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬಿಸಿಲೇರಿದ ಮೇಲೆ ವ್ಯಾನು ಸ್ಟಾರ್ಟ್ ಆಯಿತು. ಪೊಲೀಸರಿಗೆ ಹೇಳಬೇಕೆಂದು ಹೊರಟವರು ನಾವು. ಗಂಗಾವತಿ ಠಾಣೆಯ ಮುಂದೆ ವ್ಯಾನು ನಿಧಾನವಾಯಿತು. ನಿಲ್ಲಲಿಲ್ಲ. ನಾನೂ ನಿಲ್ಲಿಸಿ ಎನ್ನಲಿಲ್ಲ. ಅವನ ಮೇಲೆ ದೂರು ಬರೆಸಿದರೆ ಕೊಕ್ಕೆ ಬಿಚ್ಚಿದವರು ಯಾರು ಎಂದೂ ಬರೆಸಬೇಕಾಗುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಅದು ಇಂದಿಗೂ ನನಗೆ ನಾಚಿಕೆಯ ಮಾತು.

ಮನೆಯಲ್ಲಿ ಮುಧೋಳ ಮೂರು ದಿನ ಅನ್ನ ಮುಟ್ಟಲಿಲ್ಲ. ನಮ್ಮವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಅಂದು, ಅತ್ತು, ಮುಗಿಸಿಬಿಡುತ್ತಿದ್ದೆ. ಊಟಕ್ಕೆ ಕರೆದರೆ ಬರುತ್ತಿದ್ದರು, ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದರು, ಪಾಳಿಗೆ ಹೋಗುತ್ತಿದ್ದರು.

ಫೆಬ್ರುವರಿಯಲ್ಲಿ ಮತ್ತೆ ಇಬ್ಬರಿಗೂ ಒಂದೇ ದಿನ ರಜೆ ಬಂತು. “ಅಳವಂಡಿ ಕಡೆ ಹೋಗಿ ಬರೂಣೇನ? ಅಲ್ಲಿ ಗುಡ್ಡ ಇಲ್ಲ, ಬರೇ ಎರಿ ಹೊಲ,” ಎಂದು ಕೇಳಿದರು.

“ನಾ ಒಲ್ಲೆರಿ,” ಎಂದೆ.

ಅವರು ಒತ್ತಾಯ ಮಾಡಲಿಲ್ಲ. ಮುಧೋಳನನ್ನು ಹತ್ತಿಸಿಕೊಂಡು ಒಬ್ಬರೇ ಹೋದರು. ಮಧ್ಯಾಹ್ನಕ್ಕೇ ತಿರುಗಿ ಬಂದರು. ಕಟ್ಟಿಕೊಟ್ಟ ಬುತ್ತಿ ಹಾಗೆಯೇ ಇತ್ತು. ನಾನು ಅದನ್ನು ಬಿಚ್ಚಿ, ರೊಟ್ಟಿ ಬಿಸಿ ಮಾಡಿ, ನಮ್ಮಿಬ್ಬರ ತಟ್ಟೆಗೂ ಹಾಕಿದೆ.