ಜಾಲರಿಯೊಳಗಿನ ಅರಳೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಕೇಳುವುದು ನೀರಿನ ಸದ್ದು. ನಾನು ಹಾಲು ಕಾಯಲು ಇಟ್ಟು ಜೋಳದ ಹಿಟ್ಟಿಗೆ ಬಿಸಿನೀರು ಹಾಕುವ ಹೊತ್ತಿಗೆ, ಮಾವ ಅಂಗಳದಲ್ಲಿ ಪೈಪು ಹಿಡಿದು ಕಾರಿನ ಮುಂದೆ ನಿಂತಿರುತ್ತಾರೆ. ಮೊದಲು ತಲೆ, ಆಮೇಲೆ ಗಾಜು, ಕೊನೆಗೆ ಮುಂಭಾಗದ ಜಾಲರಿ. ಅಲ್ಲಿಗೆ ಬಂದಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಪಿಚಕಾರಿಯಂತೆ ಬಿಡುತ್ತಾರೆ. ಅಡುಗೆಮನೆಗೂ ಕೇಳಿಸುವಷ್ಟು ಜೋರು.

"ಮಾರಿ ಸ್ವಚ್ಛ ಇರಬೇಕ ನೋಡವ್ವಾ. ಮಂದಿ ಮೊದ್ಲ ಮಾರಿ ನೋಡ್ತಾರ," ಎನ್ನುವುದು ಅವರ ಮಾತು.

ಮಾವ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಅರಳೆಯ ಅಂಡಿಗೆ, ಆ ದೊಡ್ಡ ಮೂಟೆಗಳನ್ನು ಹೊತ್ತು ಮಕ್ಕಳನ್ನು ಓದಿಸಿದವರು. ಈ ಮನೆತನದಲ್ಲಿ ಇದೇ ಮೊದಲ ಕಾರು, ಅದೂ ಸೆಕೆಂಡ್ ಹ್ಯಾಂಡು. ಅದರ ಮುಂದಿನ ಸೀಟಿನಲ್ಲಿ ಅವರು ಒಮ್ಮೆಯೂ ಕೂತಿರಲಿಲ್ಲ. ಹಿಂದೆ ಕೂತು, ಟವಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು.

ಆ ಭಾನುವಾರ ನನ್ನ ಯಜಮಾನರಿಗೆ ಮಾನ್ವಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು:

"ಇವತ್ತೂ ಇಂಜಿನ್ ಬಿಸಿ ತೋರ್ಸೂ ಮುಳ್ಳು ಏರಿದ್ರ ಅಲ್ಲೇ ನಿಂತು ನಂಗ ಫೋನ್ ಮಾಡು. ಮುಂದಿನ ವಾರದಿಂದ ಒಬ್ಬ ಡ್ರೈವರನ ಕರಸೂಣು. ಬೇಜಾರ ಮಾಡ್ಕೋಬ್ಯಾಡ. ನಿನ್ನ ಕೈಯಾಗ ಅದು ಯಾಕೋ ಕಾಯಾಕತ್ತದ."

ಬೇಜಾರು ಆಗದೆ ಇರುತ್ತದೆಯೇ? ನಲವತ್ತೆಂಟನೆಯ ವಯಸ್ಸಿಗೆ ಕಾರು ಕಲಿತವಳು ನಾನು. ಕಲಿತದ್ದೇ ಈ ಭಾನುವಾರಗಳಿಗಾಗಿ. ದೇವದುರ್ಗದ ಕಡೆ ಮಸರಕಲ್ಲಿನಲ್ಲಿ ಮಾವನ ಅಕ್ಕ ಇದ್ದಾರೆ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಈಗ ಕಣ್ಣು ಪೂರ್ತಿ ಹೋಗಿವೆ. ಬಸ್ಸಿನ ಕುಲುಕಾಟಕ್ಕೆ ಮಾವನ ಸೊಂಟ ತಡೆಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ನಾನು, ಮಾವ, ಮತ್ತು ಆ ಅಕ್ಕನ ಹಲ್ಲಿಲ್ಲದ ಬಾಯಿಗೆ ಎರಡು ಮೆತ್ತನೆಯ ಬನ್ನು.

ಹತ್ತಿಯ ಸುಗ್ಗಿ ಶುರುವಾದ ಮೇಲೆ ಮೂರು ಭಾನುವಾರ ಸಾಲಾಗಿ ಇಂಜಿನ್ ಕಾದಿತ್ತು. ಯಜಮಾನರು ತರಕಾರಿ ಮಾರುಕಟ್ಟೆಗೆ ಹೋಗಿಬಂದರೆ ಏನೂ ಇಲ್ಲ. ಗ್ಯಾರೇಜಿನ ಮೇಸ್ತ್ರಿ ಕೂಲೆಂಟ್ ನೋಡಿದ, ಫ್ಯಾನ್ ತಿರುಗಿಸಿ ನೋಡಿದ. ತೊಳೆದಿಟ್ಟ ಜಾಲರಿಯನ್ನು ಮುಂದಿನಿಂದ ಕಂಡು "ಹೊಸಾದ್ರಂಗ ಇಟ್ಟೀರಲ್ರಿ" ಎಂದು ಮೆಚ್ಚಿಕೊಂಡ. ಕೊನೆಗೆ ನಕ್ಕ. "ಗಾಡಿಯಾಗ ಏನೂ ಇಲ್ರಿ ಸರ್. ಮೇಡಮ್ಮಾರು ಗೇರ್ ಬದ್ಲ ಮಾಡೂದು ಮರೀತಿರಬೇಕು." ನಾನೂ ನಕ್ಕಿದ್ದೆ. ಆದರೆ ಮನೆಗೆ ಬಂದು ಖಾಲಿ ಕುರ್ಚಿಯ ಮೇಲೆ ಕೂತು, ಕಾಲಲ್ಲಿ ಇಲ್ಲದ ಕ್ಲಚ್ಚು ಒತ್ತಿ ಒತ್ತಿ ನೋಡಿಕೊಂಡಿದ್ದೆ.

ಊರು ದಾಟುವವರೆಗೆ ಮುಳ್ಳು ನಡುವೆಯೇ ಇತ್ತು. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ರಸ್ತೆಯ ಎರಡೂ ಬದಿಯ ಜಾಲಿಮುಳ್ಳಿಗೆ ಬಿಳಿ ಎಳೆಗಳು ಸಿಕ್ಕಿಕೊಂಡಿದ್ದವು. ಮಾವನಿಗೆ ಬಿಸಿಲು ತಾಗದಿರಲೆಂದು ಎ.ಸಿ. ಹಾಕಿದ್ದೆ. ಅರ್ಧ ದಾರಿಯಲ್ಲಿ ಮುಳ್ಳು ಮೆಲ್ಲಗೆ ಎದ್ದಿತು.

"ಏರಾಕತ್ತೇನವ್ವಾ?" ಹಿಂದಿನಿಂದ ಮಾವ ಕೇಳಿದರು. ಅವರೂ ಅದನ್ನೇ ನೋಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

"ಹೂಂ ರೀ ಮಾವಾರ."

ಬೇವಿನ ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಫೋನು ಕೈಗೆ ತೆಗೆದುಕೊಂಡವಳು ಮತ್ತೆ ಚೀಲಕ್ಕೆ ಹಾಕಿದೆ. ನಾನು ಓದಿದ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ಉತ್ತರ ಹೇಳಲು ಕೈ ಎತ್ತಿದವರನ್ನೆಲ್ಲ "ಮೊದಲು ನೋಡಿದಿರಾ?" ಎಂದು ಕೇಳುತ್ತಿದ್ದರು. ನಾನಿನ್ನೂ ನೋಡಿರಲಿಲ್ಲ.

ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆವು. ಬಾನೆಟ್ ಎತ್ತಿದರೆ ಕೂಲೆಂಟ್ ಗೆರೆಯವರೆಗೆ ಇತ್ತು, ಎಲ್ಲೂ ಸೋರಿರಲಿಲ್ಲ. ಮತ್ತೆ ಚಾಲೂ ಮಾಡಿ, ಫ್ಯಾನು ತಿರುಗಲೆಂದು ಎ.ಸಿ. ಹಾಕಿದೆ. ಫ್ಯಾನು ಗುಂಯ್ ಎಂದಿತು. ಬೇಸಿಗೆಯಲ್ಲಿ ನಮ್ಮ ಕೂಲರಿನ ಹುಲ್ಲಿಗೆ ಧೂಳು ಕಟ್ಟಿದಾಗಲೂ ಹೀಗೇ. ಸದ್ದು ಇರುತ್ತದೆ, ಗಾಳಿ ಇರುವುದಿಲ್ಲ. ಬನ್ನು ಕಟ್ಟಿದ್ದ ಪತ್ರಿಕೆಯ ಹಾಳೆ ಹರಿದು ಮುಂದಿನ ಜಾಲರಿಗೆ ಹಿಡಿದೆ. ಒಳಗಿನ ಫ್ಯಾನು ಗಾಳಿ ಎಳೆಯುತ್ತಿದ್ದರೆ ಹಾಳೆ ಅಂಟಿಕೊಳ್ಳಬೇಕು. ಕೈ ಬಿಟ್ಟೊಡನೆ ಅದು ಜಾರಿ ನನ್ನ ಪಾದದ ಮೇಲೆ ಬಿತ್ತು.

"ಮಾವಾರ, ಇದಕ್ಕ ಉಸಿರು ಕಟ್ಟೇದ್ರಿ."

ಇಂಜಿನ್ ಆರಿಸಿದೆ. ಮಾವ ಕನ್ನಡಕ ಏರಿಸಿ ಮೇಲಿನಿಂದ ಬಗ್ಗಿ ನೋಡಿದರು. ಅಲ್ಲಿ ಒಂದರ ಹಿಂದೆ ಒಂದು ಎರಡು ಜಾಲರಿ. ಮುಂದಿನದು ಎ.ಸಿ.ಯದು, ಹಿಂದಿನದು ರೇಡಿಯೇಟರು. ನಡುವಿನ ಎರಡು ಬೆರಳಿನ ಸಂದಿಯಲ್ಲಿ ಬೂದು ಬಣ್ಣದ ಕಂಬಳಿಯಂಥದೇನೋ ಕಾಣುತ್ತಿತ್ತು. ಕೈ ಇಳಿಯಲಿಲ್ಲ. ಅಕ್ಕ ತಮ್ಮ ಮಾತಾಡುವಾಗ ಹೆಣೆಯಲೆಂದು ನಾನು ತರುವ ಕ್ರೋಶಾ ಕಡ್ಡಿ ಚೀಲದಲ್ಲಿತ್ತು. ಅದರ ಕೊಕ್ಕೆ ಇಳಿಸಿ ಮೆಲ್ಲಗೆ ಎಳೆದೆ. ಅಂಗೈ ಅಗಲದ ಒಂದು ಚೂರು ಎದ್ದು ಬಂತು. ಮಾವ ಅದನ್ನು ಬೆರಳುಗಳ ನಡುವೆ ಬಿಡಿಸಿದರು. ಕೆಸರಿನ ಪದರದೊಳಗೆ ಬಿಳಿ ಎಳೆ.

"ಅರಳಿ, ಹತ್ತಿ ಅರಳಿ," ಎಂದರು.

ಕೈಯಲ್ಲಿದ್ದುದನ್ನು ಒತ್ತಿದರು, ಮೂಸಿದರು.

"ಒಣಾ ಅರಳಿ ಆಗಿದ್ರ ಉದುರ್ತಿತ್ತವ್ವಾ. ಇದು ನೀರು ಕುಡದು ಗಟ್ಟಿ ಕುಂತದ. ಮಿಲ್ಲಿನ್ಯಾಗ ಅರಳಿ ಹತ್ರ ಒಂದು ತಂಬಿಗಿ ನೀರು ತಂದ್ರ ಕೆಲಸ ಮಾಡ್ಸೂ ಮುಕಾದಮ ಹೊಡ್ಯಾಕ ಬರ್ತಿದ್ದ." ಅಂಗೈಯನ್ನು ಟವಲಿಗೆ ಒರೆಸಿಕೊಂಡರು. "ಹತ್ತಿ ಟ್ರ್ಯಾಕ್ಟರ್ ಹಿಂದ ಹೋದಾಗ ಅರಳಿ ಹಾರಿ ಜಾಲರಿಗೆ ಬಂದು ಕುಂತದ. ದಿನಾ ಮುಂಜಾನಿ ನಾನೇ ನೀರು ಹೊಡದು ಹೊಡದು ಒಳಗ ತುರುಕೀನಿ."

ತಪ್ಪು ನನ್ನದಲ್ಲ ಎಂಬ ಹಗುರವೂ, ಆ ಮುಖ ನೋಡಿದ ಸಂಕಟವೂ ಒಟ್ಟಿಗೇ ಬಂದವು.

"ಹೋಗ್ಲಿ ಬಿಡ್ರಿ ಮಾವಾರ, ಯಾರಿಗೆ ಗೊತ್ತಿತ್ತು?"

"ನಂಗ ಗೊತ್ತಿರಬೇಕಿತ್ತವ್ವಾ. ಉಳದವ್ರಿಗೆ ಗೊತ್ತಿರದಿದ್ರ ನಡೀತದ, ಅರಳ್ಯಾಗ ದುಡದಾಂವಗ ಅಲ್ಲ."

ಕೈಗೆ ಸಿಕ್ಕಷ್ಟು ತೆಗೆದು, ಎ.ಸಿ. ಇಲ್ಲದೆ, ಕಿಟಕಿ ಇಳಿಸಿ ನಿಧಾನ ಹೋದೆವು. ಮಸರಕಲ್ಲಿನ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಪೈಪು ಇತ್ತು. ಅಂಗಡಿಯವ ಮುಂದಿನಿಂದ ಹಿಡಿಯಲು ಹೋದ. ಮಾವ ಅವನ ಮೊಣಕೈ ಹಿಡಿದರು. "ಹಂಗಲ್ಲಪಾ, ಮತ್ತ ಒಳಗ ಹೊಕ್ಕತದ. ಹಿಂದಿಂದ ಮುಂದಕ್ಕ ಬಿಡು, ಸ್ವಲ್ಪ ದೂರ ಹಿಡಿ, ಜಾಲರಿ ಮಡಚೀತು." ಟವಲನ್ನು ಮೂಗು ಬಾಯಿಗೆ ಸುತ್ತಿಕೊಂಡು ನಿಂತರು. ಮಿಲ್ಲಿನಲ್ಲಿ ಹೀಗೇ ನಿಲ್ಲುತ್ತಿದ್ದರೇನೋ. ಬೂದು ಚೂರುಗಳು ಸಿಡಿದು ಬಂದವು, ಕೊನೆಗೆ ಬರೀ ಧೂಳು. ಮತ್ತೆ ಚಾಲೂ ಮಾಡಿ ಹಿಡಿದರೆ, ಈ ಸಲ ಪತ್ರಿಕೆಯ ಹಾಳೆ ಜಾಲರಿಗೆ ಪಟಕ್ಕನೆ ಅಂಟಿತು. ಅಂಗಡಿಯವ ಎಳೆದರೂ ಬಿಡಲೊಲ್ಲದು ಎಂದು ನಕ್ಕ.

ಮನೆ ಮುಟ್ಟಿದಾಗ ಮಾವನ ಅಕ್ಕ, ತಮ್ಮನ ಕೈ ಸವರಿ, "ಏನಲೇ, ಅಂಗೈಯಾಗ ಅರಳಿ ನಾರು? ಮತ್ತ ಮಿಲ್ಲಿಗಿ ಹೊಂಟೀಯೇನು?" ಎಂದು ಬೈದರು. ಎಷ್ಟು ತೊಳೆದುಕೊಂಡಿದ್ದರೂ ಉಗುರಿನ ಸಂದಿಯಲ್ಲಿ ಒಂದು ಎಳೆ ಉಳಿದಿತ್ತು.

ವಾಪಸು ಹೊರಡುವಾಗ ಹಿಂದಿನ ಬಾಗಿಲು ತೆರೆದು ಹಿಡಿದೆ. ಮಾವ ಅದನ್ನು ಮುಚ್ಚಿ, ಮುಂದಿನ ಸೀಟಿನಲ್ಲಿ ಬಂದು ಕೂತರು. "ಮುಳ್ಳು ನಾ ನೋಡ್ತೀನಿ. ನೀ ದಾರಿ ನೋಡು," ಎಂದರು. ಎ.ಸಿ. ಹಾಕಿದೆ. ರಾಯಚೂರಿನವರೆಗೆ ಅವರು ಮುಳ್ಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಅದೂ ನಡು ಬಿಟ್ಟು ಕದಲಲಿಲ್ಲ.

ಸಂಜೆ ಯಜಮಾನರು ಮಾನ್ವಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಟ್ಟೆಯ ಮೇಲಿದ್ದ ಮಾವ ಹೇಳಿಬಿಟ್ಟರು.

"ಲೇ, ಕಾರು ಕಾಯಸ್ತಿದ್ದಾಕಿ ಆಕಿ ಅಲ್ಲ, ನಾನು. ಡ್ರೈವರ್ ಗೀವರ್ ಏನೂ ಬ್ಯಾಡ."

ಎಲ್ಲವನ್ನೂ ಕೇಳಿಸಿಕೊಂಡು ಯಜಮಾನರು ಒಳಗೆ ಬಂದರು. ಕಾರಿನ ಕೀಲಿಯನ್ನು ತಮ್ಮ ಅಂಗಿಯ ಗೂಟದಿಂದ ತೆಗೆದು, ಅಡುಗೆಮನೆಯಲ್ಲಿ ನನ್ನ ಚೀಲ ತೂಗುವ ಮೊಳೆಗೆ ಹಾಕಿದರು. "ಮೇಸ್ತ್ರಿಗೂ ಹೇಳ್ತೀನಿ," ಎಂದರು.

ನಾನು ಚಹಾ ತೆಗೆದುಕೊಂಡು ಹೊರಗೆ ಬಂದೆ. ಪೈಪು ಸುರುಳಿ ಸುತ್ತಿ ಮೂಲೆಯಲ್ಲಿತ್ತು. ಕಾರಿನ ಮೈತುಂಬ ಮಸರಕಲ್ಲಿನ ಕೆಂಧೂಳು. ಮಾವ ಅದನ್ನು ನೋಡುತ್ತ, ಕೈಗಳನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದರು. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತ ಗೋಡೆಯ ಮೇಲಿನಿಂದ ಇಣುಕಿದರು.

"ಯವ್ವಾ! ನಿಮ್ಮ ಕಾರು ಇಷ್ಟು ಹೊಲಸಾಗಿದ್ದು ನಾ ಇವತ್ತೇ ನೋಡಿದ್ದು ನೋಡ್ರಿ. ಯಾಕ್ರೀ, ಮಾವಾರಿಗೆ ಆರಾಮ ಇಲ್ಲೇನು?"