ಪ್ರಾಮ್ ಸಂಜೆ ಮತ್ತು ಕೋಟ್ ರೂಮಿನ ಕನ್ನಡಿ

2000ನೇ ಇಸವಿಯಲ್ಲಿ ನಾನು ನ್ಯೂಜೆರ್ಸಿಯಲ್ಲಿ ಶಾಲಾ ಮಕ್ಕಳ ಫೋಟೋ ತೆಗೆಯುವ ಒಂದು ಕಂಪನಿಯಲ್ಲಿ ಸೀನಿಯರ್ ಫೋಟೋಗ್ರಾಫರ್ ಆಗಿದ್ದೆ. ಗದಗಿನಲ್ಲಿ ನಮ್ಮ ತಂದೆಯವರ ಸ್ಟುಡಿಯೋ ಇತ್ತು. ಕ್ಯಾಮೆರಾ ಹಿಡಿಯುವುದನ್ನು ಕಲಿತದ್ದು ಅಲ್ಲಿಯೇ. ಇಲ್ಲಿ ಮಾರಿಸ್‌ಟೌನ್ ಸುತ್ತಮುತ್ತಲಿನ ಹೈಸ್ಕೂಲುಗಳು ನನ್ನ ಪಾಲಿಗೆ ಬಂದಿದ್ದವು.

ಆ ವರ್ಷ ಫೆಬ್ರುವರಿಯಲ್ಲಿ ನನ್ನ ಗಂಡ ತೀರಿಕೊಂಡರು. ಕಂಪ್ಯೂಟರುಗಳ Y2K ಕೆಲಸವೆಂದು ಹಗಲು ರಾತ್ರಿ ಆಫೀಸಿನಲ್ಲಿ ಕಳೆದಿದ್ದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಎದೆನೋವು ಬಂತು. ನಾನು ಅಳಲಿಲ್ಲ. ಸ್ವಲ್ಪ ದಿನಕ್ಕೇ ಕೆಲಸಕ್ಕೆ ಮರಳಿದೆ. ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಕ್ಕವರು "ಎಷ್ಟು ಗಟ್ಟಿ ಹೆಂಗಸು" ಎಂದು ಮೆಚ್ಚಿಕೊಂಡರು. ಗಟ್ಟಿತನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಹೇಗಿರುತ್ತದೋ ನಾನು ಇಡಿಯಾಗಿ ಹಾಗಿದ್ದೆ.

ಜೂನ್ ಬಂತು, ಪ್ರಾಮ್ ಸೀಸನ್ ಶುರುವಾಯಿತು. ಪ್ರಾಮ್ ಎಂದರೆ ಹೈಸ್ಕೂಲು ಮುಗಿಸುವ ಮಕ್ಕಳಿಗೆ ಊಟ, ಡಾನ್ಸುಗಳ ಸಂಜೆ. ಸಾಮಾನ್ಯವಾಗಿ ಹುಡುಗ ಹುಡುಗಿಯನ್ನು ಕರೆಯುತ್ತಾನೆ. ಹಾಗೆ ಜೊತೆಯಾದವರು ಪರಸ್ಪರರ 'ಡೇಟ್'. ನಮ್ಮ ಕೆಲಸವೂ ಜೋಡಿಗೆಂದೇ ಹೊಂದಿಸಿದ್ದು. ಹೂವಿನ ಕಮಾನಿನ ಕೆಳಗೆ ನೆಲಕ್ಕೆ ಎರಡು ಟೇಪು ಅಂಟಿಸುತ್ತಿದ್ದೆವು, ಹುಡುಗನಿಗೊಂದು, ಹುಡುಗಿಗೊಂದು. ಲೈಟು, ಫೋಕಸ್ಸು ಎಲ್ಲ ಆ ಎರಡು ಗುರುತಿನ ಮೇಲೆ. ಒಬ್ಬರೇ ಬಂದವರನ್ನು ಕೊನೆಗೆ ಕರೆಯಬೇಕು, ಅದು ಕಂಪನಿಯ ನಿಯಮ. ಅವರು ನಿಂತಾಗ ಪಕ್ಕದ ಟೇಪು ಖಾಲಿ ಉಳಿಯುತ್ತಿತ್ತು. ವರ್ಷಗಟ್ಟಲೆ ಅದನ್ನು ನೋಡಿದ್ದೆ, ಏನೂ ಅನ್ನಿಸಿರಲಿಲ್ಲ.

ಆ ಸಂಜೆ ಬ್ಯಾಂಕ್ವೆಟ್ ಹಾಲಿನ ಹೊರಗೆ ಜೋಡಿಗಳ ಸಾಲು ಉದ್ದವಿತ್ತು. ಚಳಿಗಾಲದಲ್ಲಿ ಕೋಟು ತೂಗುಹಾಕುವ ಕೋಟ್ ರೂಮು ಬೇಸಿಗೆಯಾದ್ದರಿಂದ ಖಾಲಿ. ಅಲ್ಲಿನ ಬೆಂಚಿನ ಮೇಲೆ ಡೇಟ್ ಇಲ್ಲದ ಮೂವರು ಹುಡುಗಿಯರು ಕುಳಿತಿದ್ದರು. ಒಬ್ಬಳು ಸ್ಮಿತಾ, ನನಗೆ ಪರಿಚಯವಿದ್ದ ಹುಬ್ಬಳ್ಳಿ ಕುಟುಂಬದ ಮಗಳು. ಅವಳನ್ನು ಯಾವ ಹುಡುಗನೂ ಕರೆದಿರಲಿಲ್ಲ. "ಸದ್ಯ, ಹುಡುಗನ ಕಾಟ ತಪ್ತು ನೋಡ್ರಿ" ಎಂದು ಅವಳ ತಾಯಿ ನನಗೆ ಫೋನಿನಲ್ಲಿ ಹೇಳಿ ಹಗುರಾಗಿದ್ದರು. ಮಗಳ ಮುಖದಲ್ಲಿ ಆ 'ಸದ್ಯ' ಕಾಣಲಿಲ್ಲ.

ನಾನು ನೀರು ಕುಡಿಯಲು ಹೋದಾಗ ಅವಳು ಎದ್ದು ಬಂದಳು.

"ಆಂಟಿ, ನಿಮ್ಮ ಸೆಲ್ ಫೋನ್ ಕೊಡ್ತೀರಾ? ಡ್ಯಾಡ್‌ಗೆ ಕಾಲ್ ಮಾಡ್ಬೇಕು. ಐ ವಾಂಟ್ ಟು ಗೋ ಹೋಮ್."

"ಯಾಕವಾ?"

"ಎಲ್ಲರೂ ಕೇಳ್ತಾರೆ. ವೇರ್ ಈಸ್ ಯುವರ್ ಡೇಟ್?"

ಈ ಪ್ರಶ್ನೆ ನನಗೆ ಹೊಸದಲ್ಲ. ವಿಷಯ ತಿಳಿಯದವರು ಇಂಡಿಯನ್ ಅಂಗಡಿಯಲ್ಲಿ ಇನ್ನೂ ನನ್ನನ್ನು "ಸರ್ ಬರಲಿಲ್ವಾ?" ಎಂದು ಕೇಳುತ್ತಿದ್ದರು. ಫೋನು ಕೊಟ್ಟೆ.

ನಂಬರ್ ಒತ್ತಲೆಂದು ಅವಳು ಆಚೆ ತಿರುಗಿದಾಗ ಅವಳ ತುರುಬು ಕಂಡಿತು. ಮಲ್ಲಿಗೆ ಸಿಗದ ಊರಿನಲ್ಲಿ ಅವಳ ತಾಯಿ ಹೂವಿನಂಗಡಿಯ ಸಣ್ಣ ಬಿಳಿ ಹೂಗಳನ್ನು ತಂದು, ಒಂದೊಂದಾಗಿ ಸಾಲು ಹಿಡಿದು ಸಿಕ್ಕಿಸಿದ್ದರು. ಕಮಾನಿನ ಕೆಳಗೆ ನಿಂತು ತೆಗೆಸಿಕೊಳ್ಳುವ ಫೋಟೋದಲ್ಲಿ ಅದು ಎಲ್ಲಿ ಕಾಣಬೇಕು? ಬೆಂಚಿನ ಹಿಂದೆ ಗೋಡೆಗೆ ಆಳೆತ್ತರದ ಕನ್ನಡಿಯಿತ್ತು. ನನಗೆ ಗದಗಿನ ಸ್ಟುಡಿಯೋ ನೆನಪಾಯಿತು. ಬೇಸಿಗೆಯಲ್ಲಿ ಹುಡುಗಿಯರು ಮೊಗ್ಗಿನ ಜಡೆ ಹಾಕಿಸಿಕೊಂಡು ಬರುತ್ತಿದ್ದರು. ಜಡೆ ಕಾಣಲೆಂದು ಅಪ್ಪ ಅವರನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ಆ ಫೋಟೋ ನೋಡಿ ಪಕ್ಕದಲ್ಲಿ ಯಾಕೆ ಯಾರೂ ಇಲ್ಲ ಎಂದು ಕೇಳಿದವರು ನನಗೆ ನೆನಪಿಲ್ಲ. ಜಡೆ ಹೆಣೆದವರು ಯಾರು ಎಂದಷ್ಟೇ ಕೇಳುತ್ತಿದ್ದರು.

"ಹೋಗೋದಿದ್ರ ಹೋಗು," ಎಂದೆ. "ಆದ್ರ ಮೊದ್ಲು ಒಂದು ಫೋಟೋ ತೆಗಿಸ್ಕೋ. ನಿಮ್ಮವ್ವ ಅಷ್ಟೊತ್ತು ಕುಂತು ಹಾಕಿದ ತುರುಬು ಯಾರೂ ನೋಡಲಿಲ್ಲಂದ್ರ ಹೆಂಗ?"

ಸಾಲಿನಲ್ಲಿದ್ದವರನ್ನು ಸಹೋದ್ಯೋಗಿಗೆ ಒಪ್ಪಿಸಿ ಒಂದು ಕ್ಯಾಮೆರಾ, ಒಂದು ಫ್ಲ್ಯಾಶ್ ತಂದೆ. ಸ್ಮಿತಾಳನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಕನ್ನಡಿಯ ಫೋಟೋದಲ್ಲಿ ತೆಗೆಯುವವರು ಬೀಳಬಾರದು, ಅದು ಮೊದಲ ಪಾಠ. ಓರೆಯಾಗಿ ನಿಂತು ನೋಡಿಕೊಂಡೇ ಬಟನ್ ಒತ್ತಿದೆ. ಆಮೇಲೆ ನನ್ನ ಬ್ಯಾಗಿನ ಚಿಕ್ಕ ಕನ್ನಡಿಯನ್ನು ಅವಳ ಕೈಗೆ ಕೊಟ್ಟು, ಅದರಲ್ಲಿ ಹಿಂದಿನ ಕನ್ನಡಿಯನ್ನು ನೋಡಲು ಹೇಳಿದೆ. ತನ್ನ ತುರುಬನ್ನು ಅವಳು ಸರಿಯಾಗಿ ನೋಡಿದ್ದು ಆಗಲೇ. "ಓ ಮೈ ಗಾಡ್, ಅಮ್ಮ ಇದನ್ನ ಮಾಡಿದ್ಲಾ?" ಎಂದಳು.

ಉಳಿದಿಬ್ಬರೂ ಎದ್ದು ನಿಂತರು. ಅವರ ಫೋಟೋ ತೆಗೆಯುವಾಗ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ಪರ್ಸನ್ನು ಡೇಟ್ ಕೈಗೆ ತುರುಕಿ ಇತ್ತ ಬಂದಳು. ಹಿಂದೆಯೇ ಇನ್ನಿಬ್ಬರು. ಅವರ ಹುಡುಗರು ಪರ್ಸು ಹಿಡಿದು ಪಿಳಿಪಿಳಿ ನೋಡುತ್ತ ನಿಂತರು. ಸ್ಮಿತಾ ಫೋನು ವಾಪಸು ಕೊಟ್ಟಳು. ಕಾಲ್ ಮಾಡಿರಲಿಲ್ಲ. ಬೆಂಚಿನ ಮೇಲಿದ್ದ ಮೂವರೂ ಕೈ ಹಿಡಿದುಕೊಂಡು ಹಾಲಿನೊಳಗೆ ಹೋದರು.

ಕೆಲವು ದಿನಗಳ ನಂತರ ಲ್ಯಾಬಿನಿಂದ ಪ್ರಿಂಟುಗಳು ಬಂದವು. ಎಷ್ಟು ಓರೆಯಾಗಿ ನಿಂತರೂ ಸ್ಮಿತಾಳ ಫೋಟೋದಲ್ಲಿ, ಕನ್ನಡಿಯ ಮೂಲೆಯಲ್ಲಿ, ನಾನು ಬಿದ್ದಿದ್ದೆ. ಆ ಭಾಗ ಕತ್ತರಿಸಿ ಕಳಿಸುತ್ತೇನೆಂದು ಅವಳಿಗೆ ಫೋನು ಮಾಡಿದೆ.

"ಡೋಂಟ್ ಕಟ್ ಇಟ್, ಆಂಟಿ," ಎಂದಳು. "ನೀವೂ ಒಬ್ರೇ ಬಂದಿದ್ರಲ್ಲ."

ನಾನು ಕತ್ತರಿಸಲಿಲ್ಲ. ಮುಂದೆ ನಿವೃತ್ತಿಯಾಗುವವರೆಗೂ ಪ್ರಾಮಿಗೆ ಹೊರಟಾಗಲೆಲ್ಲ ಕಾರಿನಲ್ಲಿ ಒಂದು ಕನ್ನಡಿ ಹಾಕಿಕೊಂಡು ಹೋದೆ, ಟೇಪು ಒಂದೇ ಅಂಟಿಸಿದೆ. ಇಬ್ಬರು ಬಂದರೆ ಅದರ ಆಚೀಚೆ ನಿಂತುಕೊಳ್ಳುತ್ತಾರೆ, ಏನೂ ತೊಂದರೆಯಿಲ್ಲ. ಇಲ್ಲದವರ ಜಾಗಕ್ಕೆ ಗುರುತು ಹಾಕಿಡುವುದು ಫೋಟೋಗ್ರಾಫರನ ಕೆಲಸವಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಆ ಫೋಟೋದ ಒಂದು ಪ್ರತಿ ನನ್ನ ಹತ್ತಿರ ಇದೆ. ಮೂಲೆಯಲ್ಲಿರುವ ನನ್ನ ಅರ್ಧ ಮುಖವನ್ನು ಕ್ಯಾಮೆರಾ ಮುಚ್ಚಿದೆ. ಅದರ ಕೆಳಗೆ ಬಾಯಿ ಕಾಣುತ್ತದೆ. ನಾನು ನಗುತ್ತಿದ್ದೇನೆ. ಫೋಟೋ ಇಲ್ಲದೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.